ಹಣ್ಣುನೊಣದ ಲ್ಯಾಬಿಗೆ ಪದೇ ಪದೇ ಬರುವ ಪ್ರಶ್ನೆಗಳು

ನಾನು ವಿಶ್ವವಿದ್ಯಾಲಯದಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಉಳಿದ ಹೊತ್ತು ಹಣ್ಣುನೊಣ ಸಾಕುತ್ತೇನೆ. ಒಂದು ಮೊಟ್ಟೆ ಹೇಗೆ ಶರೀರವಾಗುತ್ತದೆ, ಆ ಕೆಲಸದಲ್ಲಿ ಎಡವಟ್ಟಾದರೆ ಯಾವ ರೋಗ ಬರುತ್ತದೆ ಅನ್ನುವುದು ನಮ್ಮ ಲ್ಯಾಬಿನ ವಿಷಯ. ನೆಂಟರು, ಹೊಸ ವಿದ್ಯಾರ್ಥಿಗಳು, ಡಾಕ್ಟರುಗಳು, ಮಗುವಿನ ರಿಪೋರ್ಟ್ ಹಿಡಿದು ಪತ್ರ ಬರೆಯುವ ಅಪ್ಪ ಅಮ್ಮಂದಿರು, ಎಲ್ಲರೂ ಸುತ್ತಿ ಬಳಸಿ ಅವೇ ಪ್ರಶ್ನೆ ಕೇಳುತ್ತಾರೆ. ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ಕೆರೆದುಕೊಳ್ಳುವಂಥದ್ದು ಕೊನೆಗೆ.

## ಮೊದಲ ಸಲ ಬಂದವರು ಕೇಳುವುದು

ಕೊಳೆತ ಬಾಳೆಹಣ್ಣಿನ ಸುತ್ತ ಹಾರಾಡುತ್ತಲ್ಲ, ಆ ಪುಟ್ಟ ನೊಣಾನೇನಾ ಇದು?

ಅದೇ. ಪೂರ್ತಿ ಹೆಸರು ಡ್ರೊಸೊಫಿಲಾ ಮೆಲನೊಗ್ಯಾಸ್ಟರ್. ಉದ್ದ ಸುಮಾರು 3 ಮಿಲಿಮೀಟರ್, ಕಣ್ಣು ಇಟ್ಟಿಗೆ ಕೆಂಪು. ಡ್ರೊಸೊಫಿಲಾ ಅಂದರೆ ಇಬ್ಬನಿ ಇಷ್ಟಪಡುವುದು, ಮೆಲನೊಗ್ಯಾಸ್ಟರ್ ಅಂದರೆ ಕಪ್ಪು ಹೊಟ್ಟೆಯದು. ಹೆಸರಲ್ಲಿ ಹಣ್ಣಿದ್ದರೂ ಅದಕ್ಕೆ ಮುಖ್ಯವಾಗಿ ಬೇಕಿರುವುದು ಕೊಳೆಯುವ ಹಣ್ಣಿನ ಮೇಲೆ ಬೆಳೆಯುವ ಯೀಸ್ಟ್.

"ನಿಮ್ಮ ನೊಣ ನಮ್ಮ ಬೆಳೆ ಹಾಳು ಮಾಡ್ತಿದೆ" ಎಂದು ತೋಟದವರು ಜಗಳಕ್ಕೆ ಬರುವುದೂ ಉಂಟು. ಒಳ್ಳೆಯ ಹಣ್ಣಿಗೆ ಚುಚ್ಚಿ ಮೊಟ್ಟೆ ಇಡುವ ನೊಣಗಳು ಹೆಚ್ಚಾಗಿ ಬೇರೆ ಕುಟುಂಬದವು, ಟೆಫ್ರಿಟಿಡೇ ಎಂದು ಹೆಸರು. ನಮ್ಮ ನೊಣದ ಸಂಬಂಧಿಗಳಲ್ಲಿ ಡ್ರೊಸೊಫಿಲಾ ಸುಜುಕಿ ಮಾತ್ರ ಈ ವಿಷಯದಲ್ಲಿ ಕುಖ್ಯಾತ. ಅದರ ಹೆಣ್ಣು ಮೊಟ್ಟೆ ಇಡುವ ಅಂಗ ಗರಗಸದ ಹಾಗಿದೆ. ಮೆಲನೊಗ್ಯಾಸ್ಟರ್‌ಗೆ ಅಷ್ಟು ಶಕ್ತಿ ಇಲ್ಲ.

ಇಲಿ ಬಿಟ್ಟು ನೊಣ ಯಾಕೆ? ಖರ್ಚು ಕಡಿಮೆ ಅಂತಾನಾ?

ಖರ್ಚು ಕಡಿಮೆ, ಅದರಲ್ಲಿ ಮುಚ್ಚಿಡುವುದೇನೂ ಇಲ್ಲ. ಅದಕ್ಕಿಂತ ದೊಡ್ಡ ಲಾಭ ಸಮಯ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇವತ್ತು ಇಟ್ಟ ಮೊಟ್ಟೆ ಸುಮಾರು 10 ದಿನಕ್ಕೆ ನೊಣವಾಗಿ ಹೊರಬರುತ್ತದೆ. ಮೊಟ್ಟೆ ಒಡೆಯಲು ಒಂದು ದಿನ, ಮರಿಹುಳುವಾಗಿ ನಾಲ್ಕು ದಿನ, ಗೂಡಿನಲ್ಲಿ ನಾಲ್ಕೈದು ದಿನ. ಇಲಿಯಲ್ಲಿ ಒಂದು ತಲೆಮಾರಿಗೇ ಎರಡು ಮೂರು ತಿಂಗಳು ಬೇಕು. ವಿದ್ಯಾರ್ಥಿಯ ಪಿಎಚ್‌ಡಿ ಮುಗಿಯಬೇಕಲ್ವಾ?

ಇನ್ನೊಂದು ಕಾರಣ ಹಿರಿಯರು ಮಾಡಿಟ್ಟ ಆಸ್ತಿ. 1910ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಅವರಿಗೆ ಕೆಂಪು ಕಣ್ಣಿನ ನೊಣಗಳ ನಡುವೆ ಒಂದು ಬಿಳಿ ಕಣ್ಣಿನ ಗಂಡು ಸಿಕ್ಕಿತು. ಅದರ ಮಕ್ಕಳು ಮೊಮ್ಮಕ್ಕಳನ್ನು ಎಣಿಸುತ್ತ ಹೋಗಿ, ಜೀನ್‌ಗಳು ಕ್ರೋಮೋಸೋಮ್ ಮೇಲೆ ಕೂತಿವೆ ಎನ್ನುವುದಕ್ಕೆ ಅವರ ಗುಂಪು ಗಟ್ಟಿ ಪುರಾವೆ ಕೊಟ್ಟಿತು. ಅವರ ವಿದ್ಯಾರ್ಥಿ ಆಲ್ಫ್ರೆಡ್ ಸ್ಟರ್ಟೆವಂಟ್ 1913ರಲ್ಲಿ ಜೀನ್‌ಗಳ ಮೊದಲ ನಕ್ಷೆ ಪ್ರಕಟಿಸಿದರು. ಎಕ್ಸ್‌ರೇ ಹಾಯಿಸಿ ಮ್ಯುಟೇಶನ್, ಅಂದರೆ ಜೀನಿನಲ್ಲಿ ಬದಲಾವಣೆ, ಮಾಡಬಹುದೆಂದು ಹರ್ಮನ್ ಮುಲ್ಲರ್ 1927ರಲ್ಲಿ ತೋರಿಸಿದರು. ಆಗಿನಿಂದ ಕೂಡಿಟ್ಟ ಹತ್ತಾರು ಸಾವಿರ ಬಗೆಯ ನೊಣಗಳು ಇವತ್ತು ಸ್ಟಾಕ್ ಸೆಂಟರ್‌ಗಳಲ್ಲಿವೆ. ಪತ್ರ ಬರೆದರೆ ಅಂಚೆಯಲ್ಲಿ ಬರುತ್ತವೆ. ಇಷ್ಟು ಅನುಕೂಲ ಬೇರೆ ಯಾವ ಪ್ರಾಣಿಯಲ್ಲೂ ಸುಲಭಕ್ಕೆ ಸಿಗುವುದಿಲ್ಲ.

ನೊಣಕ್ಕೂ ನನಗೂ ಏನು ಸಂಬಂಧ? ನನಗೆ ರೆಕ್ಕೆ ಇಲ್ಲವಲ್ಲ!

ಎಲ್ಲಕ್ಕಿಂತ ಜಾಸ್ತಿ ಕೇಳಿಸಿಕೊಂಡ ಪ್ರಶ್ನೆ ಇದು.

ನೊಣದ ಜೀನೋಮ್, ಅಂದರೆ ಅದರ ಪೂರ್ತಿ ಡಿಎನ್‌ಎ ಬರಹ, 2000ದಲ್ಲಿ ಓದಿ ಮುಗಿಯಿತು. ಅದರಲ್ಲಿ ಪ್ರೋಟೀನ್ ಮಾಡುವ ಜೀನ್‌ಗಳು ಸುಮಾರು 14,000. ನಮ್ಮಲ್ಲಿ ಸುಮಾರು 20,000. ಮನುಷ್ಯರ ರೋಗಕ್ಕೆ ಕಾರಣ ಎಂದು ಗೊತ್ತಿರುವ ಜೀನ್‌ಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ನೊಣದಲ್ಲಿ ಹೋಲುವ ಜೀನ್ ಇದೆ. ನಮ್ಮಿಬ್ಬರ ಪೂರ್ವಜ ಬೇರೆಯಾಗಿ 50 ಕೋಟಿ ವರ್ಷಕ್ಕೂ ಜಾಸ್ತಿಯಾಯಿತು. ಆದರೂ ಕತ್ತರಿ ಅದೇ, ಸೂಜಿ ಅದೇ. ಹೊಲಿದ ಬಟ್ಟೆ ಮಾತ್ರ ಬೇರೆ.

ಒಂದು ಉದಾಹರಣೆ ಕೇಳಿ. ನೊಣದಲ್ಲಿ ಐಲೆಸ್ ಎಂಬ ಜೀನ್ ಕೆಟ್ಟರೆ ಕಣ್ಣು ಬೆಳೆಯುವುದಿಲ್ಲ. ಅದರ ಜೋಡಿ ಮನುಷ್ಯರಲ್ಲಿ ಪ್ಯಾಕ್ಸ್6. ಇದು ಕೆಟ್ಟರೆ ಕಣ್ಣಿನ ಬಣ್ಣದ ಪೊರೆಯೇ ಇಲ್ಲದೆ ಮಗು ಹುಟ್ಟಬಹುದು. 1995ರಲ್ಲಿ ಬಾಸೆಲ್‌ನ ವಾಲ್ಟರ್ ಗೆರಿಂಗ್ ಅವರ ಲ್ಯಾಬ್ ಐಲೆಸ್ ಜೀನನ್ನು ನೊಣದ ಕಾಲು, ರೆಕ್ಕೆ, ಮೀಸೆಯಲ್ಲಿ ಚಾಲೂ ಮಾಡಿತು. ಅಲ್ಲೆಲ್ಲ ಕಣ್ಣು ಮೂಡಿದವು. ಆಮೇಲೆ ಇಲಿಯ ಜೀನ್ ಹಾಕಿ ನೋಡಿದರು. ಅದೂ ಕಣ್ಣು ಮಾಡಿತು. ಬಂದದ್ದು ಇಲಿಯ ಕಣ್ಣಲ್ಲ, ನೊಣದ ಕಣ್ಣು. "ಇಲ್ಲಿ ಕಣ್ಣು ಮಾಡು" ಎನ್ನುವ ಅಪ್ಪಣೆ ಇಬ್ಬರಿಗೂ ಒಂದೇ, ಮಾಡುವ ಕೈ ಆಯಾ ಪ್ರಾಣಿಯದು. ನಾವು ನೊಣದಲ್ಲಿ ಓದುವುದು ಈ ಅಪ್ಪಣೆಗಳನ್ನು. ಯಾರೂ ನೊಣವನ್ನು ಪುಟ್ಟ ಮನುಷ್ಯ ಎಂದುಕೊಂಡಿಲ್ಲ.

ಲ್ಯಾಬಲ್ಲಿ ದಿನಾ ಏನು ಮಾಡ್ತೀರಿ? ಸುಮ್ನೆ ನೊಣ ನೋಡ್ತಾ ಕೂರ್ತೀರಾ?

ಅರ್ಧ ಹೊತ್ತು ಹೌದು. ಇನ್ನರ್ಧ ಅಡುಗೆ. ಮೆಕ್ಕೆಜೋಳದ ಹಿಟ್ಟು, ಸಕ್ಕರೆ, ಯೀಸ್ಟ್, ಅಗರ್ ಸೇರಿಸಿ ಗಂಜಿ ಕಾಯಿಸಿ, ಬೂಸ್ಟು ಹಿಡಿಯದ ಹಾಗೆ ಔಷಧಿ ಬೆರೆಸಿ ವಯಲ್ ಎನ್ನುವ ಪುಟ್ಟ ಸೀಸೆಗಳಿಗೆ ಸುರಿಯುತ್ತೇವೆ. ನೊಣದ ಸ್ಟಾಕನ್ನು ಬೀಜದ ಹಾಗೆ ಡಬ್ಬಿಯಲ್ಲಿ ತುಂಬಿಡಲು ಆಗುವುದಿಲ್ಲ. ಕೆಲವು ವಾರಕ್ಕೊಮ್ಮೆ ಹೊಸ ವಯಲ್‌ಗೆ ದಾಟಿಸಲೇಬೇಕು. ಭ್ರೂಣವನ್ನು ಹೆಪ್ಪುಗಟ್ಟಿಸಿ ಇಡುವ ವಿಧಾನಗಳು ಬಂದಿವೆ, ಆದರೆ ಹೆಚ್ಚಿನ ಲ್ಯಾಬ್‌ಗಳಲ್ಲಿ ಇನ್ನೂ ಕೈಕೆಲಸವೇ.

ಮುಖ್ಯ ಕೆಲಸ ಕ್ರಾಸ್ ಹಾಕುವುದು, ಅಂದರೆ ಆರಿಸಿದ ಗಂಡು ಹೆಣ್ಣನ್ನು ಕೂಡಿಸುವುದು. ಹೆಣ್ಣು ನೊಣ ಒಮ್ಮೆ ಕೂಡಿದರೆ ಆ ಗಂಡಿನ ವೀರ್ಯವನ್ನು ದಿನಗಟ್ಟಲೆ ಒಳಗೆ ಕೂಡಿಟ್ಟುಕೊಳ್ಳುತ್ತದೆ. ಹಾಗಾಗಿ ಕೂಡದ ಹೆಣ್ಣೇ ಬೇಕು. ಗೂಡಿನಿಂದ ಹೊರಬಂದ ಮೇಲೆ ಸುಮಾರು 8 ಗಂಟೆ ಅದು ಗಂಡನ್ನು ಹತ್ತಿರ ಸೇರಿಸುವುದಿಲ್ಲ. ಆ ಅವಧಿಯೊಳಗೆ ಹಿಡಿಯಬೇಕು. ಬೆಳಿಗ್ಗೆ ಬೇಗ ಒಮ್ಮೆ, ರಾತ್ರಿ ಮನೆಗೆ ಹೋಗುವ ಮುಂಚೆ ಒಮ್ಮೆ. ಇಂಗಾಲದ ಡೈಆಕ್ಸೈಡ್ ಹಾಯುವ ಫಲಕದ ಮೇಲೆ ನೊಣ ಸುರಿದು, ಮೈಕ್ರೋಸ್ಕೋಪ್ ಕೆಳಗೆ ಬಣ್ಣ ಬಳಿಯುವ ಕುಂಚದ ತುದಿಯಿಂದ ಆರಿಸುತ್ತೇವೆ. ಗಂಡಿನ ಹೊಟ್ಟೆಯ ತುದಿ ಕಪ್ಪಗೆ ದುಂಡಗೆ ಇರುತ್ತದೆ. ಮುಂಗಾಲಲ್ಲಿ ಪುಟ್ಟ ಕಪ್ಪು ಬಾಚಣಿಗೆಯೂ ಇರುತ್ತದೆ.

ಒಂದು ರಾತ್ರಿ ನಮ್ಮ ಇನ್ಕ್ಯುಬೇಟರ್ ಕೆಟ್ಟು ಒಳಗೆ ಶಾಖ ಏರಿಬಿಟ್ಟಿತು. ಬೆಳಿಗ್ಗೆ ನೋಡಿದರೆ ಬಹಳಷ್ಟು ನೊಣ ಬದುಕಿದ್ದವು. ಸದ್ಯ ಎಂದುಕೊಂಡೆವು. ಎರಡು ವಾರವಾದರೂ ಒಂದು ಮರಿಹುಳುವೂ ಇಲ್ಲ. ಹೆಚ್ಚು ಶಾಖಕ್ಕೆ ಗಂಡು ನೊಣ ಬಂಜೆಯಾಗುತ್ತದೆ ಎಂದು ಪಾಠ ಮಾಡುವವನು ನಾನೇ! 18 ಡಿಗ್ರಿಯ ಇನ್ನೊಂದು ಪೆಟ್ಟಿಗೆಯಲ್ಲಿ ನಕಲು ಪ್ರತಿ ಇಟ್ಟಿದ್ದು ಕಾಪಾಡಿತು.

ನೊಣಕ್ಕೆ ನೋವಾಗಲ್ವಾ?

ಅಪಾಯ ತಟ್ಟಿದರೆ ಗೊತ್ತಾಗುತ್ತದೆ. ಬಿಸಿ ಸೂಜಿ ತಾಗಿಸಿದರೆ ಮರಿಹುಳು ಉರುಳಿ ತಪ್ಪಿಸಿಕೊಳ್ಳುತ್ತದೆ. ಹಾಗೆ ಉರುಳದ ಒಂದು ಮ್ಯುಟೆಂಟ್‌ನಿಂದ 2003ರಲ್ಲಿ ಪೇನ್‌ಲೆಸ್ ಎಂಬ ಜೀನ್ ಸಿಕ್ಕಿತು. ಆ ತಿಳಿವಳಿಕೆ ನಮ್ಮ ಹಾಗೆ ಸಂಕಟವಾಗಿ ಅನುಭವಕ್ಕೆ ಬರುತ್ತದಾ ಎನ್ನುವುದರ ಮೇಲೆ ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ. ಲ್ಯಾಬ್ ಪ್ರಾಣಿಗಳ ಕಾನೂನು ಹೆಚ್ಚಿನ ದೇಶಗಳಲ್ಲಿ ಬೆನ್ನುಮೂಳೆ ಇರುವ ಪ್ರಾಣಿಗಳ ಸುತ್ತಲೇ ಇದೆ. ನಮ್ಮಲ್ಲಿ ಅಂಗ ಬಿಡಿಸುವ ಮುಂಚೆ ಪ್ರಜ್ಞೆ ತಪ್ಪಿಸುತ್ತೇವೆ. ಬೇಕಾದ್ದಕ್ಕಿಂತ ಜಾಸ್ತಿ ಕೊಲ್ಲುವುದಿಲ್ಲ.

## ಶರೀರ ಕಟ್ಟುವ ಬಗ್ಗೆ

ತಲೆ ಎಲ್ಲಿ, ಬಾಲ ಎಲ್ಲಿ ಅಂತ ಮೊಟ್ಟೆಗೆ ಯಾರು ಹೇಳಿಕೊಡ್ತಾರೆ?

ತಾಯಿ ನೊಣ. ಮೊಟ್ಟೆ ಕಟ್ಟುವಾಗಲೇ ಅದು ಒಂದು ತುದಿಯಲ್ಲಿ ಬೈಕಾಯ್ಡ್ ಎಂಬ ಜೀನಿನ ಆರ್‌ಎನ್‌ಎ (ಪ್ರೋಟೀನ್ ಮಾಡಲು ಬೇಕಾದ ಜೀನಿನ ನಕಲು) ಅಂಟಿಸಿ ಇಟ್ಟಿರುತ್ತದೆ. ಮೊಟ್ಟೆ ಹೊರಬಿದ್ದ ಮೇಲೆ ಅಲ್ಲಿಂದ ಪ್ರೋಟೀನ್ ಹರಡುತ್ತದೆ. ಆ ತುದಿಯಲ್ಲಿ ದಟ್ಟ, ಹಿಂದಕ್ಕೆ ಹೋದಂತೆ ತೆಳು. ದಟ್ಟವಿದ್ದ ಕಡೆ ತಲೆ. ತಾಯಿಗೆ ಈ ಜೀನ್ ಇಲ್ಲದಿದ್ದರೆ ಮರಿಗೆ ತಲೆಯೂ ಇಲ್ಲ, ಎದೆಯೂ ಇಲ್ಲ. ಮುಂದಿನ ತುದಿಯಲ್ಲೂ ಬಾಲದ ಭಾಗವೇ ಬೆಳೆಯುತ್ತದೆ.

ಆ ಹೊತ್ತಿಗೆ ಮೊಟ್ಟೆಯಲ್ಲಿ ಇನ್ನೂ ಬೇರೆ ಬೇರೆ ಕೋಶಗಳಿಲ್ಲ ಎನ್ನುವುದನ್ನು ಗಮನಿಸಿ. ಒಂದೇ ಚೀಲದೊಳಗೆ ಕೋಶಕೇಂದ್ರಗಳು 13 ಸಲ ಒಡೆದು ಸಾವಿರಗಟ್ಟಲೆ ಆಗುತ್ತವೆ. ಮೊದಮೊದಲು ಒಂದು ಸುತ್ತಿಗೆ ಹತ್ತು ನಿಮಿಷವೂ ಹಿಡಿಯುವುದಿಲ್ಲ. ಮೂರು ಗಂಟೆಯ ಸುಮಾರಿಗೆ ನಡುವೆ ಗೋಡೆ ಏಳುತ್ತದೆ. ಅಷ್ಟರಲ್ಲಿ ಅಗಲ ಪಟ್ಟೆ ಹಾಕುವ ಜೀನ್‌ಗಳು, ಆಮೇಲೆ ಏಳು ಏಳು ಪಟ್ಟೆ ಹಾಕುವ ಜೀನ್‌ಗಳು, ಆಮೇಲೆ ಹದಿನಾಲ್ಕು ಸಣ್ಣ ಪಟ್ಟೆಯವು, ಒಂದರ ಹಿಂದೆ ಒಂದು ಚಾಲೂ ಆಗಿರುತ್ತವೆ. ಬಣ್ಣ ಹಾಕಿದ ಭ್ರೂಣದಲ್ಲಿ ಆ ಏಳು ಪಟ್ಟೆ ಮೊದಲ ಸಲ ಕಂಡಾಗ ನಾನು ಮೈಕ್ರೋಸ್ಕೋಪ್ ಬಿಟ್ಟು ಏಳಲಿಲ್ಲ. ಮಧ್ಯಾಹ್ನದ ಊಟ ತಪ್ಪಿತು.

ಈ ಜೀನ್‌ಗಳನ್ನು ಹೆಕ್ಕಿ ತೆಗೆದವರು ಕ್ರಿಸ್ಟಿಯಾನೆ ನ್ಯೂಸ್‌ಲೈನ್-ಫೋಲ್‌ಹಾರ್ಡ್ ಮತ್ತು ಎರಿಕ್ ವೀಶಾಸ್. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಇಬ್ಬರೂ ಒಂದೇ ಮೈಕ್ರೋಸ್ಕೋಪ್‌ಗೆ ಎದುರುಬದುರು ಕೂತು, ರಾಸಾಯನಿಕ ಕೊಟ್ಟು ಕೆಡಿಸಿದ ಸಾವಿರಾರು ವಂಶಗಳ ಸತ್ತ ಭ್ರೂಣಗಳನ್ನು ನೋಡಿದರು. ಪಟ್ಟೆ ಎಲ್ಲೆಲ್ಲಿ ತಪ್ಪಿದೆ ಎಂದು ಗುರುತು ಹಾಕಿಕೊಂಡರು. 1980ರ ಅವರ ಪ್ರಬಂಧದಲ್ಲಿ 15 ಜೀನ್‌ಗಳಿದ್ದವು. 1995ರಲ್ಲಿ ಎಡ್ವರ್ಡ್ ಲೂಯಿಸ್ ಜೊತೆ ನೊಬೆಲ್ ಬಂತು.

ಬೈಕಾಯ್ಡ್ ನಮ್ಮಲ್ಲಿಲ್ಲ. ಅದು ಕೆಲವು ನೊಣಗಳ ಕುಲಕ್ಕೆ ಮಾತ್ರ ಸೇರಿದ್ದು. ಆದರೆ ಅದೇ ಹುಡುಕಾಟದಲ್ಲಿ ಸಿಕ್ಕ ಹೆಡ್ಜ್‌ಹಾಗ್‌ನಂಥ ಜೀನ್‌ಗಳು ನಮ್ಮ ಬೆರಳು, ಬೆನ್ನುಹುರಿ, ಮುಖ ರೂಪಿಸುತ್ತವೆ. ಯಾವುದು ಹಂಚಿಕೊಂಡದ್ದು, ಯಾವುದು ನೊಣದ ಸ್ವಂತದ್ದು ಎಂದು ಮೊದಲೇ ಹೇಳಲು ಬರುವುದಿಲ್ಲ.

ತಲೆಯ ಮೇಲೆ ಕಾಲು ಬೆಳೆದ ನೊಣ ನಿಜಾನಾ, ಫೋಟೋ ತಿದ್ದಿದ್ದಾ?

ನಿಜ. ಆಂಟೆನಾಪೀಡಿಯಾ ಎಂಬ ಜೀನ್ ತನ್ನದಲ್ಲದ ಜಾಗದಲ್ಲಿ ಚಾಲೂ ಆದರೆ ಮೀಸೆಯ ಜಾಗದಲ್ಲಿ ಕಾಲು ಬರುತ್ತದೆ. ಎಡ್ವರ್ಡ್ ಲೂಯಿಸ್ ನಾಲ್ಕು ರೆಕ್ಕೆಯ ನೊಣವನ್ನೇ ಮಾಡಿದ್ದರು. ನೊಣಕ್ಕೆ ಎರಡು ರೆಕ್ಕೆ, ಅವುಗಳ ಹಿಂದೆ ಹಾರುವಾಗ ತೂಕ ಹಿಡಿಯುವ ಎರಡು ಪುಟ್ಟ ಗುಬಟುಗಳು. ಅಲ್ಟ್ರಾಬೈಥೊರಾಕ್ಸ್ ಜೀನಿನ ಹಿಡಿತ ಅಲ್ಲಿ ತಪ್ಪಿದರೆ ಗುಬಟು ಇರಬೇಕಾದಲ್ಲಿ ಇನ್ನೊಂದು ಜೊತೆ ರೆಕ್ಕೆ. ಇಂಥವಕ್ಕೆ ಹಾಕ್ಸ್ ಜೀನ್‌ಗಳು ಎಂದು ಹೆಸರು. ಶರೀರದಲ್ಲಿ ತಲೆಯಿಂದ ಬಾಲದ ತನಕ ಯಾವ ಕ್ರಮದಲ್ಲಿ ಕೆಲಸ ಮಾಡುತ್ತವೋ ಅದೇ ಕ್ರಮದಲ್ಲಿ ಕ್ರೋಮೋಸೋಮ್ ಮೇಲೂ ಸಾಲಾಗಿ ಕೂತಿವೆ. ನಮ್ಮಲ್ಲೂ ಹಾಗೇ. ಮನುಷ್ಯರ ಹಾಕ್ಸ್‌ಡಿ13 ಕೆಟ್ಟರೆ ಬೆರಳುಗಳು ಅಂಟಿಕೊಂಡು, ಜಾಸ್ತಿ ಬೆರಳು ಸೇರಿ ಮಗು ಹುಟ್ಟುತ್ತದೆ.

ಗೂಡಿನೊಳಗೆ ಹುಳ ಪೂರ್ತಿ ಕರಗಿ ಸಾರಾಗುತ್ತಂತೆ, ಹೌದಾ?

ಬಹಳಷ್ಟು ಕರಗುತ್ತದೆ, ಪೂರ್ತಿ ಅಲ್ಲ. ನರವ್ಯೂಹದ ದೊಡ್ಡ ಭಾಗ ಉಳಿದುಕೊಂಡು ಹೊಸ ಕೆಲಸಕ್ಕೆ ತಿದ್ದಿಕೊಳ್ಳುತ್ತದೆ. ರೆಕ್ಕೆ, ಕಾಲು, ಕಣ್ಣಿಗೆ ಬೇಕಾದ ಕೋಶಗಳು ಮರಿಹುಳುವಿನೊಳಗೆ ಮೊದಲೇ ಪುಟ್ಟ ಮಡಿಕೆಗಳಾಗಿ ಕಾಯುತ್ತಿರುತ್ತವೆ. ಅವನ್ನು ಡಿಸ್ಕ್ ಎನ್ನುತ್ತೇವೆ. ರೆಕ್ಕೆಯ ಡಿಸ್ಕ್ ಕೆಲವೇ ಹತ್ತು ಕೋಶಗಳಿಂದ ಶುರುವಾಗಿ ನಾಲ್ಕೇ ದಿನದಲ್ಲಿ ಹತ್ತಾರು ಸಾವಿರಕ್ಕೆ ಬೆಳೆದು, ಸರಿಯಾದ ಅಳತೆಗೆ ಬಂದು ನಿಲ್ಲುತ್ತದೆ.

ಯಾಕೆ ನಿಲ್ಲುತ್ತದೆ? ನನ್ನ ಲ್ಯಾಬಿನ ಅರ್ಧ ಜನ ಇದಕ್ಕೇ ಅಂಟಿಕೊಂಡಿದ್ದಾರೆ. ಹಿಪ್ಪೊ ಎಂಬ ಜೀನ್ ಕೆಟ್ಟರೆ ಬೆಳವಣಿಗೆ ನಿಲ್ಲದೆ ಅಂಗ ಊದಿ ಮಡಿಕೆ ಮಡಿಕೆಯಾಗುತ್ತದೆ. ಹೆಸರು ಬಂದದ್ದೂ ಆ ನೀರಾನೆಯಂಥ ತಲೆಯಿಂದ. ಹಿಪ್ಪೊ ಸೇರಿರುವ ಇದೇ ಜೀನ್‌ಗಳ ಸರಪಳಿ ನಮ್ಮ ಅಂಗಗಳ ಗಾತ್ರವನ್ನೂ ಹಿಡಿದಿಡುತ್ತದೆ, ಹಲವು ಗಡ್ಡೆಗಳಲ್ಲಿ ಕೆಟ್ಟಿರುತ್ತದೆ. ಇನ್ನೊಂದು ಚೆಂದದ ಸಂಗತಿ: ಡಿಸ್ಕಿಗೆ ಗಾಯವಾದರೆ ಮರಿಹುಳು ಗೂಡು ಕಟ್ಟುವುದನ್ನೇ ಮುಂದೂಡುತ್ತದೆ. ರಿಪೇರಿ ಮುಗಿಯುವ ತನಕ ಕಾಯುತ್ತದೆ.

ಜೀನ್‌ಗಳಿಗೆ ಇಂಥ ಹುಚ್ಚು ಹೆಸರು ಯಾರು ಇಡ್ತಾರೆ?

ಮೊದಲು ಕಂಡವರು. ನೊಣದ ಜೀನಿಗೆ ಸಾಮಾನ್ಯವಾಗಿ ಅದು ಕೆಟ್ಟಾಗ ಕಂಡ ಚಹರೆಯ ಹೆಸರು. ಬಿಳಿ ಕಣ್ಣಾದರೆ ವೈಟ್. ಹೃದಯವೇ ಬೆಳೆಯದಿದ್ದರೆ ಟಿನ್‌ಮ್ಯಾನ್, ಮಕ್ಕಳ ಕಥೆಯ ಹೃದಯವಿಲ್ಲದ ತಗಡಿನ ಮನುಷ್ಯನ ನೆನಪಿಗೆ. ಹೀಗಾಗಿ ಹೆಸರು ಹೇಳುವುದು ಜೀನಿನ ಕೆಲಸಕ್ಕೆ ಉಲ್ಟಾ. ಹೊಸ ವಿದ್ಯಾರ್ಥಿಗಳು ಇಲ್ಲಿ ಮುಗ್ಗರಿಸುತ್ತಾರೆ: ಐಲೆಸ್ ಕಣ್ಣು ಮಾಡುವ ಜೀನ್! ಡಾಕ್ಟರಿಗೆ ಇದು ತಮಾಷೆಯಲ್ಲ. ಟಿನ್‌ಮ್ಯಾನ್‌ನ ಮನುಷ್ಯ ಜೋಡಿ ಕೆಟ್ಟರೆ ಹುಟ್ಟಿನಿಂದಲೇ ಹೃದಯದ ದೋಷ ಬರುತ್ತದೆ. ಆ ತಾಯಿಯ ಎದುರು ಈ ಹೆಸರು ಹೇಳುವುದು ಹೇಗೆ?

## ರೋಗದ ಬಗ್ಗೆ

ನೊಣಕ್ಕೆ ಕ್ಯಾನ್ಸರ್ ಬರುತ್ತಾ?

ಬರುತ್ತದೆ, ಬರಿಸಲೂ ಬಹುದು. ಲೀಥಲ್ ಜೈಂಟ್ ಲಾರ್ವೆ ಎಂಬ ಜೀನ್ ಇಲ್ಲದ ಮರಿಹುಳು ಗೂಡು ಕಟ್ಟದೆ ದಪ್ಪಗಾಗುತ್ತ ಹೋಗುತ್ತದೆ. ಒಳಗೆ ಮಿದುಳು, ಡಿಸ್ಕುಗಳು ಗಡ್ಡೆಯಾಗಿರುತ್ತವೆ. ಎಲಿಜಬೆತ್ ಗಾಟೆಫ್ ಆ ಗಡ್ಡೆಯ ತುಣುಕನ್ನು ಬೇರೆ ನೊಣದ ಹೊಟ್ಟೆಗೆ ಹಾಕಿ, ಅಲ್ಲೂ ಬೆಳೆದು ಅದನ್ನು ಕೊಲ್ಲುತ್ತದೆ ಎಂದು ತೋರಿಸಿದರು. ಒಂದು ಜೀನ್ ಕಳೆದುಹೋದರೆ ಗಡ್ಡೆ ಎನ್ನುವ ವಿಚಾರಕ್ಕೆ ಇದು ಬಹಳ ಮುಂಚಿನ ಸಾಕ್ಷಿ.

ಆದರೆ ನನಗೆ ಇಷ್ಟವಾದ ಕಥೆ ಕ್ಯಾನ್ಸರಿನಿಂದ ಶುರುವಾಗುವುದೇ ಇಲ್ಲ. ನೊಣದ ಕಣ್ಣು ಸುಮಾರು 800 ಪುಟ್ಟ ಕಣ್ಣುಗಳ ಗುಂಪು. ಒಂದೊಂದರಲ್ಲೂ ಬೆಳಕು ಹಿಡಿಯುವ ಎಂಟು ಕೋಶ. ಏಳನೆಯದು ನೇರಳಾತೀತ ಬೆಳಕು ನೋಡುತ್ತದೆ. ಆ ಬೆಳಕಿನ ಕಡೆ ಓಡದ ನೊಣಗಳನ್ನು ಹುಡುಕಿದಾಗ ಏಳನೇ ಕೋಶವೇ ಇಲ್ಲದ ಮ್ಯುಟೆಂಟ್ ಸಿಕ್ಕಿತು. ಹೆಸರು ಸೆವೆನ್‌ಲೆಸ್. ಇದು ಕೋಶದ ಮೇಲಿನ ಕಿವಿಯಂಥ ಪ್ರೋಟೀನ್. ಪಕ್ಕದ ಕೋಶದಿಂದ ಮಾತು ಕಳಿಸುವುದು ಬ್ರೈಡ್ ಆಫ್ ಸೆವೆನ್‌ಲೆಸ್. ಕೇಳಿದ್ದನ್ನು ಒಳಗೆ ದಾಟಿಸುವುದು ಸನ್ ಆಫ್ ಸೆವೆನ್‌ಲೆಸ್. ಅದು ಹೋಗಿ ತಟ್ಟುವುದು ರ‍್ಯಾಸ್ ಪ್ರೋಟೀನಿನ ಬಾಗಿಲು. ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಪದೇ ಪದೇ ಕೆಟ್ಟಿರುವ ಅದೇ ರ‍್ಯಾಸ್. ಈ ಕೊಂಡಿಗಳ ಕ್ರಮ ಬಿಡಿಸುವಲ್ಲಿ 1990ರ ದಶಕದ ಮೊದಲ ವರ್ಷಗಳ ನೊಣದ ಕಣ್ಣಿನ ಕೆಲಸ ದೊಡ್ಡ ಪಾತ್ರ ವಹಿಸಿತು. ಹುಟ್ಟಿನಿಂದ ಬರುವ ನೂನನ್ ಸಿಂಡ್ರೋಮ್‌ನ ಕೆಲವು ರೋಗಿಗಳಲ್ಲಿ ಕೆಟ್ಟಿರುವುದೂ ಆ "ಮಗ"ನ ಮನುಷ್ಯ ಜೋಡಿಯೇ, ಎಸ್‌ಒಎಸ್1.

ಪಾರ್ಕಿನ್ಸನ್ ಇರುವ ನೊಣ ಅಂದ್ರೇನು? ಅದರ ಕೈ ನಡುಗುತ್ತಾ?

ನಡುಕ ನೋಡುವುದಿಲ್ಲ, ಹತ್ತುವುದನ್ನು ನೋಡುತ್ತೇವೆ. ವಯಲನ್ನು ಮೇಜಿಗೆ ಕುಟ್ಟಿದರೆ ನೊಣಗಳು ತಳಕ್ಕೆ ಬೀಳುತ್ತವೆ. ಆರೋಗ್ಯವಾಗಿದ್ದರೆ ತಕ್ಷಣ ಮೇಲಕ್ಕೆ ಓಡುತ್ತವೆ. ನರ ಕೆಟ್ಟವು ಅರ್ಧಕ್ಕೇ ನಿಲ್ಲುತ್ತವೆ. ಎಷ್ಟು ಸೆಕೆಂಡಿನಲ್ಲಿ ಎಷ್ಟು ನೊಣ ಗೆರೆ ದಾಟಿದವು ಎಂದು ಎಣಿಸಿದರೆ ಆಯಿತು.

ಈ ವಿಷಯದಲ್ಲಿ ನೊಣದ ದೊಡ್ಡ ಕೊಡುಗೆ 2006ರದ್ದು. ಚಿಕ್ಕ ವಯಸ್ಸಿಗೇ ಬರುವ ಪಾರ್ಕಿನ್ಸನ್ ಕುಟುಂಬಗಳಲ್ಲಿ ಪಾರ್ಕಿನ್, ಪಿಂಕ್1 ಎಂಬ ಎರಡು ಜೀನ್ ಬೇರೆ ಬೇರೆಯಾಗಿ ಸಿಕ್ಕಿದ್ದವು. ಎರಡಕ್ಕೂ ಸಂಬಂಧವಿದೆಯಾ ಗೊತ್ತಿರಲಿಲ್ಲ. ನೊಣದಲ್ಲಿ ಯಾವುದನ್ನು ತೆಗೆದರೂ ಕಂಡದ್ದು ಒಂದೇ: ಹಾರುವ ಸ್ನಾಯುವಿನಲ್ಲಿ ಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾ ಊದಿ ಹಾಳು, ಗಂಡು ಬಂಜೆ. ಪಿಂಕ್1 ಇಲ್ಲದ ನೊಣಕ್ಕೆ ಪಾರ್ಕಿನ್ ಜಾಸ್ತಿ ಕೊಟ್ಟರೆ ಸರಿಹೋಯಿತು. ಪಾರ್ಕಿನ್ ಇಲ್ಲದ ನೊಣಕ್ಕೆ ಪಿಂಕ್1 ಎಷ್ಟು ಕೊಟ್ಟರೂ ಆಗಲಿಲ್ಲ. ಅಂದರೆ ಪಿಂಕ್1 ಮೊದಲು, ಪಾರ್ಕಿನ್ ಆಮೇಲೆ. ಪಿಂಕ್1 ಕೆಟ್ಟ ಮೈಟೊಕಾಂಡ್ರಿಯಾದ ಮೇಲೆ ಕೂತು ಪಾರ್ಕಿನನ್ನು ಕರೆಯುತ್ತದೆ, ಅದು ಎಸೆಯುವ ಗುರುತು ಹಾಕುತ್ತದೆ ಎಂದು ಆಮೇಲೆ ಕೋಶಗಳಲ್ಲಿ ಗೊತ್ತಾಯಿತು. ಕಸ ಎತ್ತುವ ವ್ಯವಸ್ಥೆ ಅದು. ನೊಣ ಹೇಳಿದ್ದು ಕ್ರಮ. ಮನುಷ್ಯರ ಮಿದುಳಿನಲ್ಲಿ ಯಾವ ನರಕೋಶ ಯಾಕೆ ಮೊದಲು ಸಾಯುತ್ತದೆ ಎಂದು ಅದು ಹೇಳಲಿಲ್ಲ.

ನೊಣದ ಮಿದುಳಿನ ಪೂರ್ತಿ ನಕ್ಷೆ ಬಂತಂತೆ. ಇನ್ನೇನು ಉಳಿದಿದೆ?

ಬಂತು, 2024ರಲ್ಲಿ. ಒಂದು ಹೆಣ್ಣು ನೊಣದ 1,39,255 ನರಕೋಶ, ಕೋಟಿಗಟ್ಟಲೆ ಕೊಂಡಿ. ಊರಿನ ರಸ್ತೆಗಳ ನಕ್ಷೆ ಸಿಕ್ಕಿತು ಅನ್ನಿ. ಯಾವ ರಸ್ತೆಯಲ್ಲಿ ಯಾವ ಹೊತ್ತಿಗೆ ಯಾರು ಓಡಾಡುತ್ತಾರೆ ಎನ್ನುವುದು ಉಳಿದಿದೆ.

ನಿಮ್ಮ ನೊಣದಿಂದ ಒಂದಾದರೂ ಮಾತ್ರೆ ಬಂದಿದೆಯಾ?

ನೇರವಾಗಿ ನೊಣದಿಂದ ಮಾತ್ರೆಗೆ ಹೋಗುವ ದಾರಿ ಅಪರೂಪ. ಹೆಡ್ಜ್‌ಹಾಗ್ ನೋಡಿ. 1980ರಲ್ಲಿ ಮುಳ್ಳುಮುಳ್ಳಾದ ಒಂದು ಮರಿಹುಳು. ಆ ಸರಪಳಿಯ ಇನ್ನೊಂದು ಜೀನ್ ಪ್ಯಾಚ್ಡ್ ಚರ್ಮದ ಬೇಸಲ್ ಸೆಲ್ ಕ್ಯಾನ್ಸರಿನಲ್ಲಿ ಕೆಟ್ಟಿರುತ್ತದೆ ಎಂದು 1996ರಲ್ಲಿ ಗೊತ್ತಾಯಿತು. ಆ ಸರಪಳಿಯನ್ನು ತಡೆಯುವ ವಿಸ್ಮೊಡೆಗಿಬ್ ಔಷಧಕ್ಕೆ ಅಮೆರಿಕದಲ್ಲಿ 2012ರಲ್ಲಿ ಒಪ್ಪಿಗೆ ಸಿಕ್ಕಿತು. 32 ವರ್ಷ. ನಡುವೆ ಇಲಿ, ಕೋಳಿ ಭ್ರೂಣ, ರಸಾಯನಶಾಸ್ತ್ರಜ್ಞರು, ರೋಗಿಗಳು, ಎಲ್ಲರೂ ಇದ್ದಾರೆ. ಅನುದಾನದ ಅರ್ಜಿಯಲ್ಲಿ "ಐದು ವರ್ಷದಲ್ಲಿ ಚಿಕಿತ್ಸೆ" ಎಂದು ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ನೊಣದಲ್ಲಿ ನೋಡೋಕೆ ಆಗದ ರೋಗ ಯಾವುದು?

ಬೇಕಾದಷ್ಟಿವೆ. ನೊಣಕ್ಕೆ ಮೂಳೆ ಇಲ್ಲ. ಶ್ವಾಸಕೋಶದ ಬದಲು ಗಾಳಿಯ ಕೊಳವೆಗಳಿವೆ. ರಕ್ತನಾಳದ ಜಾಲವಿಲ್ಲ, ರಕ್ತ ಮೈಯೊಳಗೆ ಸುಮ್ಮನೆ ಹರಿದಾಡುತ್ತದೆ. ಆಂಟಿಬಾಡಿ ಮಾಡುವುದಿಲ್ಲ. ಹುಟ್ಟಿನಿಂದ ಬಂದ ರೋಗನಿರೋಧಕ ಶಕ್ತಿ ಮಾತ್ರ ಇದೆ. ಅದರ ಕೀಲಿ ಟೋಲ್ ಜೀನಿನಲ್ಲಿದೆ ಎಂದು ಕಂಡುಕೊಂಡದ್ದಕ್ಕೆ ಜೂಲ್ಸ್ ಹಾಫ್‌ಮನ್ 2011ರ ನೊಬೆಲ್ ಹಂಚಿಕೊಂಡರು. ಹಾಗಾಗಿ ಕೀಲು ನೋವು, ಆಸ್ತಮಾ, ಲಸಿಕೆ ಎಂದೆಲ್ಲ ಕೇಳಿದರೆ ಬೇರೆ ಲ್ಯಾಬಿನ ದಾರಿ ತೋರಿಸುತ್ತೇನೆ. ನೊಣದಲ್ಲಿ ಕೆಲಸ ಮಾಡಿದ ಔಷಧದ ಪ್ರಮಾಣವನ್ನು ಮನುಷ್ಯರಿಗೆ ಲೆಕ್ಕ ಹಾಕುವುದಂತೂ ಮೂರ್ಖತನ.

## ಸ್ವಲ್ಪ ಒಳಗೆ ಹೋದವರಿಗೆ

ಗಾಲ್4 ಅಂತ ಎಲ್ಲರೂ ಹೇಳ್ತಾರೆ. ಏನದು ಅಷ್ಟು ದೊಡ್ಡ ವಿಷಯ?

ಬೇಕಾದ ಜೀನನ್ನು ಬೇಕಾದ ಅಂಗದಲ್ಲಿ ಮಾತ್ರ ಚಾಲೂ ಮಾಡುವ ಸ್ವಿಚ್. ಆಂಡ್ರಿಯಾ ಬ್ರ್ಯಾಂಡ್ ಮತ್ತು ನಾರ್ಬರ್ಟ್ ಪೆರಿಮಾನ್ 1993ರಲ್ಲಿ ಪ್ರಕಟಿಸಿದರು. ಗಾಲ್4 ಯೀಸ್ಟಿನ ಪ್ರೋಟೀನ್. ಅದು ಯುಎಎಸ್ ಎಂಬ ಡಿಎನ್‌ಎ ತುಣುಕಿಗೆ ಕೂತು, ಮುಂದಿರುವ ಜೀನನ್ನು ಎಬ್ಬಿಸುತ್ತದೆ. ಒಂದು ನೊಣದಲ್ಲಿ ಕಣ್ಣಲ್ಲಿ ಮಾತ್ರ ಗಾಲ್4. ಇನ್ನೊಂದರಲ್ಲಿ ಯುಎಎಸ್ ಮುಂದೆ ನಿಮಗೆ ಬೇಕಾದ ಜೀನ್. ಬೇರೆಬೇರೆ ಇದ್ದರೆ ಏನೂ ಆಗುವುದಿಲ್ಲ. ಎರಡನ್ನೂ ಕ್ರಾಸ್ ಮಾಡಿದರೆ ಮಕ್ಕಳ ಕಣ್ಣಲ್ಲಿ ಮಾತ್ರ ಆ ಜೀನ್ ಎದ್ದಿರುತ್ತದೆ. ಇಡೀ ಮೈಗೆ ಕೊಟ್ಟರೆ ಸಾಯಿಸುವ ಜೀನನ್ನೂ ಹೀಗೆ ನೋಡಬಹುದು. ಕಣ್ಣಿಲ್ಲದಿದ್ದರೂ ಲ್ಯಾಬಿನ ನೊಣ ಬದುಕುತ್ತದೆ. ಗಾಲ್4ನ್ನು ತಡೆಯುವ, ತಾಪಕ್ಕೆ ಸ್ಪಂದಿಸುವ ಗಾಲ್80 ಸೇರಿಸಿದರೆ ಸಮಯವೂ ನಿಮ್ಮ ಕೈಯಲ್ಲಿ: 18 ಡಿಗ್ರಿಯಲ್ಲಿ ಬಂದ್, 29ರಲ್ಲಿ ಚಾಲೂ.

ಬ್ಯಾಲೆನ್ಸರ್ ಇಲ್ಲದೆ ಸ್ಟಾಕ್ ಇಟ್ಟರೆ ಏನಾಗುತ್ತೆ?

ಕೆಲವು ತಲೆಮಾರಿಗೆ ನಿಮ್ಮ ಮ್ಯುಟೇಶನ್ ಮಾಯ. ಎರಡು ಪ್ರತಿ ಸೇರಿದರೆ ಸಾಯುವ ಮ್ಯುಟೇಶನ್ ಇದ್ದರೆ, ಒಳ್ಳೆಯ ಪ್ರತಿ ಇರುವ ನೊಣಗಳೇ ಉಳಿದು ತುಂಬಿಕೊಳ್ಳುತ್ತವೆ. ಬ್ಯಾಲೆನ್ಸರ್ ಎಂದರೆ ಹಿಂದುಮುಂದಾಗಿ ತಿರುವಿಟ್ಟ ಕ್ರೋಮೋಸೋಮ್. ಅದರ ಜೊತೆ ಜೋಡಿ ಕ್ರೋಮೋಸೋಮ್‌ನ ತುಣುಕುಗಳ ಅದಲುಬದಲು ನಡೆದರೂ ಅಂಥ ಮರಿ ಬದುಕುವುದಿಲ್ಲ. ಅದರಲ್ಲೂ ಎರಡು ಪ್ರತಿ ಸೇರಿದರೆ ಸಾವು ಅಥವಾ ಬಂಜೆತನ, ಮೇಲೆ ಕಣ್ಣಿಗೆ ಕಾಣುವ ಗುರುತು. ಸಿವೈಒ ಎಂಬ ಬ್ಯಾಲೆನ್ಸರ್ ಆದರೆ ಸುರುಳಿ ರೆಕ್ಕೆ. ಹೀಗೆ ಪ್ರತಿ ತಲೆಮಾರಿನಲ್ಲೂ ಎರಡೂ ಜೊತೆಯಾಗಿಯೇ ಉಳಿಯುತ್ತವೆ. ಗಂಡು ನೊಣದಲ್ಲಿ ಕ್ರೋಮೋಸೋಮ್ ಅದಲುಬದಲೇ ನಡೆಯುವುದಿಲ್ಲ, ತೊಂದರೆ ಹೆಣ್ಣಿನ ಕಡೆಯಿಂದ ಮಾತ್ರ. ಕ್ರಾಸ್ ಯೋಜನೆ ಬರೆಯುವಾಗ ಇದನ್ನು ಮರೆತು ಎರಡು ತಿಂಗಳು ಕಳೆದುಕೊಂಡವರನ್ನು ನೋಡಿದ್ದೇನೆ.

ನಮ್ಮ ಮಗುವಿನ ಜೀನ್ ರಿಪೋರ್ಟಲ್ಲಿ "ಅರ್ಥ ಸ್ಪಷ್ಟವಿಲ್ಲದ ಬದಲಾವಣೆ" ಅಂತ ಬಂದಿದೆ. ನೊಣದಲ್ಲಿ ನೋಡಿ ಹೇಳ್ತೀರಾ?

ಈ ಪತ್ರಗಳಿಗೆ ಉತ್ತರ ಬರೆಯಲು ನನಗೆ ಜಾಸ್ತಿ ಹೊತ್ತು ಹಿಡಿಯುತ್ತದೆ. ಮೊದಲು ಒಂದು ಮಾತು: ನಾನು ಡಾಕ್ಟರಲ್ಲ. ನೊಣದ ಫಲಿತಾಂಶ ಒಂದೇ ಇಟ್ಟುಕೊಂಡು ರೋಗ ಇದೇ ಎಂದು ಹೇಳಲಾಗದು. ಕೋರಿಕೆ ನಿಮ್ಮ ಜೆನೆಟಿಕ್ಸ್ ಡಾಕ್ಟರ್ ಮೂಲಕ ಬಂದರೆ ಒಳ್ಳೆಯದು. ಅಮೆರಿಕದಲ್ಲಿ ಹೆಸರೇ ಗೊತ್ತಿಲ್ಲದ ರೋಗಗಳಿಗೆಂದು ಆಸ್ಪತ್ರೆಗಳ ಒಂದು ಜಾಲವಿದೆ. ನೊಣದ ಲ್ಯಾಬ್‌ಗಳು ಅದರ ಜೊತೆ ಕೆಲಸ ಮಾಡಿವೆ.

ಮಾಡುವುದು ಹೀಗೆ. ಆ ಜೀನಿನ ಜೋಡಿ ನೊಣದಲ್ಲಿದೆಯಾ ನೋಡುತ್ತೇವೆ. ಇಲ್ಲದಿದ್ದರೆ ಅಲ್ಲಿಗೇ ನಿಲ್ಲುತ್ತದೆ. ಇದ್ದರೆ ನೊಣದ ಜೀನನ್ನು ತೆಗೆಯುತ್ತೇವೆ. ಏನು ಕೆಡುತ್ತದೆ ಎಂದು ಬರೆದುಕೊಳ್ಳುತ್ತೇವೆ. ಆ ಜಾಗಕ್ಕೆ ಮನುಷ್ಯರ ಸರಿಯಾದ ಜೀನ್ ಹಾಕುತ್ತೇವೆ. ನೊಣ ಸುಧಾರಿಸಿದರೆ ಪರೀಕ್ಷೆ ನಂಬಬಹುದು ಎಂದರ್ಥ. ಆಮೇಲೆ ಮಗುವಿನಲ್ಲಿ ಕಂಡ ಬದಲಾವಣೆಯಿರುವ ಪ್ರತಿ. ಸರಿಯಾದ ಪ್ರತಿಯಷ್ಟೇ ಸುಧಾರಿಸಿದರೆ ಅದು ನಿರುಪದ್ರವಿ ಇರಬಹುದು. ಏನೂ ಸುಧಾರಿಸದಿದ್ದರೆ ಜೀನಿನ ಕೆಲಸ ಹೋಗಿದೆ. ಮೊದಲಿಗಿಂತ ಹದಗೆಟ್ಟರೆ ಅದು ಹೊಸ ಕೇಡು ಮಾಡುತ್ತಿದೆ. ಕೊನೆಯ ಎರಡರ ನಡುವಿನ ವ್ಯತ್ಯಾಸ ಡಾಕ್ಟರಿಗೆ ಬಹಳ ಬೇಕು. ಕೆಲಸ ಹೋಗಿದ್ದರೆ ತುಂಬಿಕೊಡಬೇಕು, ಕೇಡು ಮಾಡುತ್ತಿದ್ದರೆ ಅಡಗಿಸಬೇಕು.

ಇದಕ್ಕೆ ತಿಂಗಳುಗಳು ಬೇಕು, ಕೆಲವೊಮ್ಮೆ ವರ್ಷ ದಾಟುತ್ತದೆ. ಚಿಕಿತ್ಸೆ ಸಿಗುತ್ತದೆ ಎಂದು ಮಾತು ಕೊಡಲಾರೆ. ಹೆಸರು ಸಿಕ್ಕರೆ ಅದೇ ಜೀನ್ ಕೆಟ್ಟ ಇತರ ಕುಟುಂಬಗಳು ಸಿಗುತ್ತವೆ, ಮುಂದಿನ ಮಗುವಿನ ಬಗ್ಗೆ ಲೆಕ್ಕ ಹಾಕಲು ಆಗುತ್ತದೆ. ಅಷ್ಟು ಹೇಳಬಲ್ಲೆ.

ಒಂದು ಫಲಿತಾಂಶ ಬಂತು ಅಂತ ಯಾವಾಗ ನಂಬ್ತೀರಿ?

ಒಂದೇ ಮ್ಯುಟೆಂಟ್‌ನಲ್ಲಿ ಕಂಡದ್ದನ್ನು ನಂಬುವುದಿಲ್ಲ. ಬೇರೆ ರೀತಿಯಲ್ಲಿ ಕೆಟ್ಟ ಇನ್ನೊಂದು ಪ್ರತಿ ಬೇಕು. ಆ ಜಾಗವೇ ಕತ್ತರಿಸಿಹೋದ ಕ್ರೋಮೋಸೋಮ್ ಎದುರಿಗೂ ಅದೇ ಕಾಣಬೇಕು. ಸರಿಯಾದ ಜೀನ್ ವಾಪಸ್ ಹಾಕಿದರೆ ಸುಧಾರಿಸಬೇಕು. ಜೀನಿನ ಬಾಯಿ ಮುಚ್ಚಿಸುವ ಆರ್‌ಎನ್‌ಎಐ ವಿಧಾನ ಬಳಸಿದ್ದರೆ ಜೀನಿನ ಬೇರೆ ಭಾಗಕ್ಕೆ ಗುರಿಯಿಟ್ಟ ಎರಡನೇ ಸ್ಟಾಕ್ ಇರಲಿ. ಎಣಿಸುವವರಿಗೆ ಯಾವ ವಯಲ್ ಯಾವುದು ಎಂದು ಗೊತ್ತಿರಬಾರದು.

ಇಷ್ಟಾದರೂ ಹಿನ್ನೆಲೆ, ಅಂದರೆ ನೊಣದ ಉಳಿದ ಜೀನ್‌ಗಳು, ಕೈಕೊಡುತ್ತದೆ. ನಮ್ಮ ವಿದ್ಯಾರ್ಥಿನಿಯೊಬ್ಬಳು ಜಾಸ್ತಿ ದಿನ ಬದುಕುವ ನೊಣ ಕಂಡುಹಿಡಿದಳು. ಮೂರು ಸಲ ಎಣಿಸಿದರೂ ಅದೇ. ಲ್ಯಾಬಲ್ಲಿ ಸಂಭ್ರಮ. ನಮ್ಮ ಮಾಮೂಲಿ ನೊಣದ ಜೊತೆ ಆರು ತಲೆಮಾರು ಕ್ರಾಸ್ ಮಾಡಿ ಹಿನ್ನೆಲೆ ಒಂದು ಮಾಡಿದ ಮೇಲೆ ವ್ಯತ್ಯಾಸ ಪೂರ್ತಿ ಮಾಯವಾಯಿತು. ದೀರ್ಘಾಯುಷ್ಯ ಆ ಜೀನಿನದ್ದಲ್ಲ, ಸ್ಟಾಕ್ ಜೊತೆ ಬಂದ ಬೇರೇನೋ. ಅವಳು ಎರಡು ದಿನ ಲ್ಯಾಬಿಗೆ ಬರಲಿಲ್ಲ. ಈಗ ಅವಳದ್ದೇ ಲ್ಯಾಬ್ ಇದೆ. ಅಂಚೆಯಲ್ಲಿ ಹೊಸ ಸ್ಟಾಕ್ ಬಂದ ದಿನವೇ ಹಿನ್ನೆಲೆ ಸರಿ ಮಾಡುವ ಕ್ರಾಸ್ ಹಾಕಿಸುತ್ತಾಳಂತೆ, ವಿದ್ಯಾರ್ಥಿಗಳು ಎಷ್ಟು ಗೊಣಗಿದರೂ.